ರೊಟ್ಟಿ ಬಡಿಯುವ ಎತ್ತರ ನೋಡಿ ಕಟ್ಟಿಸಿದ ಅಡುಗೆಮನೆ

ಕೊಪ್ಪಳದಲ್ಲಿ ನಮ್ಮದು ಮಾವನವರ ತಂದೆ ಕಟ್ಟಿಸಿದ ಮಾಳಿಗೆ ಮನೆ. ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ. ಅಡುಗೆಮನೆಯ ಛಾವಣಿಯ ನಡುಮಧ್ಯೆ ಒಂದು ಗವಾಕ್ಷಿ, ಅಂದರೆ ಬೆಳಕು, ಗಾಳಿಗೆ ಬಿಟ್ಟ ಕಿಂಡಿ. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದರೂ ಒಳಗೆ ತಂಪಿರುತ್ತದೆ. ಕೆಡವಿ ಆರ್‌ಸಿಸಿ ಹಾಕಿಸಿ ಅಂದವರು ಬಹಳ ಮಂದಿ. ನಮಗೆ ಮನಸ್ಸಾಗಲಿಲ್ಲ. ಆದರೆ ಅಡುಗೆಮನೆಯನ್ನು ಹಾಗೇ ಬಿಡುವಂತಿರಲಿಲ್ಲ.

ನಮ್ಮ ಅತ್ತೆಗೆ 68 ವರ್ಷ. ನೆಲಕ್ಕೆ ಕೂತರೆ ಮೇಲೇಳಲು ಗೋಡೆ ಹಿಡಿಯಬೇಕು, ಮೊಣಕಾಲು ಅಷ್ಟು ನೋವು. ಹಾಗಂತ ರೊಟ್ಟಿ ಕೆಲಸ ಬಿಡಲು ಅವರಿಗೆ ಇಷ್ಟವಿಲ್ಲ. ನಾನು ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೊರಡಬೇಕು, ನನಗೆ ನಿಂತೇ ಮಾಡಿ ಅಭ್ಯಾಸ. ಸಿಂಕ್ ಇರಲಿಲ್ಲ, ಪಾತ್ರೆ ಬಚ್ಚಲಿಗೆ ಒಯ್ದು ತೊಳೆಯಬೇಕಿತ್ತು. ಒಂದೇ 10 ಅಡಿ, 12 ಅಡಿ ಕೋಣೆಯಲ್ಲಿ ನಮ್ಮಿಬ್ಬರ ರೀತಿಯೂ ನಡೆಯಬೇಕು, ಹಳೇ ಮನೆಯ ತಂಪೂ ಉಳಿಯಬೇಕು. ನಮ್ಮ ಆಸೆ ಇಷ್ಟೇ ಇತ್ತು.

ಮೊದಲು ಮಾಡ್ಯುಲರ್ ಅಡುಗೆಮನೆ ಮಾಡಿಕೊಡುವ ಒಂದು ಅಂಗಡಿಯವರನ್ನು ಕರೆಸಿದೆವು. ಅವರು ತೋರಿಸಿದ ಚಿತ್ರ ಚೆಂದ ಇತ್ತು. ಎಲ್ಲ ಕಡೆ 34 ಇಂಚು ಎತ್ತರದ ಒಂದೇ ಕಟ್ಟೆ, ಮೇಲೆ ಸಾಲಾಗಿ ಪೆಟ್ಟಿಗೆಗಳು. ನನಗೆ ಒಪ್ಪಿಗೆಯಾಗಿತ್ತು. ಅತ್ತೆ ಮಾತ್ರ ಏನೂ ಮಾತಾಡಲಿಲ್ಲ. ಮರುದಿನ ಹಿತ್ತಲಲ್ಲಿ ಇಟ್ಟಿಗೆ ಪೇರಿಸಿ 34 ಇಂಚು ಮಾಡಿದೆ. ಮೇಲೆ ಒಂದು ಕಲ್ಲು ಇಟ್ಟು, ಹಿಟ್ಟು ನಾದಿ ಕೊಟ್ಟು, ಒಂದು ರೊಟ್ಟಿ ಬಡಿದು ನೋಡಿ ಅತ್ತೀ ಅಂದೆ. ನಾಲ್ಕು ಏಟು ಹಾಕುವುದರೊಳಗೆ ಅವರ ಭುಜ ಕಿವಿಯ ಹತ್ತಿರ ಬಂತು. ಅಂಗೈ ಚಪ್ಪಟೆಯಾಗಿ ಬೀಳಲಿಲ್ಲ, ಬೆರಳ ತುದಿಯೇ ಬಿತ್ತು. ರೊಟ್ಟಿ ತಿರುಗಲಿಲ್ಲ, ಅಂಚು ಸೀಳಿತು.

"ಇಷ್ಟು ಎತ್ತರಕ್ಕ ರೊಟ್ಟಿ ತಿರಗಂಗಿಲ್ಲವ್ವಾ. ರಟ್ಟಿ ಹಿಡಿತೈತಿ" ಅಂದರು.

ಅಲ್ಲಿಂದ ಒಂದೊಂದೇ ಇಟ್ಟಿಗೆ ತೆಗೆಯುತ್ತಾ ಬಂದೆವು. ಚಪಾತಿ ಲಟ್ಟಿಸುವುದಕ್ಕೂ ಜೋಳದ ರೊಟ್ಟಿ ಬಡಿಯುವುದಕ್ಕೂ ಬಹಳ ವ್ಯತ್ಯಾಸ ಇದೆ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಜಿಗಿ ಇಲ್ಲ. ಬಿಸಿನೀರು ಹಾಕಿ ನಾದಿದ ಹಿಟ್ಟನ್ನು ಮೇಲಿಂದ ಬಡಿಯುತ್ತಲೇ ತಿರುಗಿಸಬೇಕು. ಅದಕ್ಕೆ ಮೊಣಕೈ ಕಲ್ಲಿಗಿಂತ ಮೇಲೇ ಇರಬೇಕು. ನೆಲಕ್ಕೆ ಕೂತು ಬಡಿಯುವಾಗ ಅದು ತಾನಾಗೇ ಆಗುತ್ತದೆ. ಸ್ಟೂಲ್ ಮೇಲೆ ಕೂತರೂ ಅದೇ ಅಳತೆ ಸಿಗುವ ಹಾಗೆ ಮಾಡುವುದು ನಮ್ಮ ಮುಂದಿದ್ದ ಕೆಲಸ.

ಮೊದಲಿಗೆ 16 ಇಂಚಿನ ಗಿಡ್ಡ ಕಟ್ಟೆ, ಕೂರಲು ಎತ್ತರದ ಮಣೆ, ಪಕ್ಕದಲ್ಲೇ ಗ್ಯಾಸ್ ಒಲೆ ಅಂದುಕೊಂಡಿದ್ದೆವು. ಗ್ಯಾಸ್ ಏಜೆನ್ಸಿಯ ಹುಡುಗ ನೋಡಿ ಬೇಡ ಅಂದ. ಒಲೆ ಯಾವಾಗಲೂ ಸಿಲಿಂಡರ್‌ಗಿಂತ ಮೇಲಿನ ಮಟ್ಟದಲ್ಲಿ ಇರಬೇಕು. ಮನೆಗೆ ಬರುವ 14.2 ಕಿಲೋ ಸಿಲಿಂಡರೇ ಎರಡು ಅಡಿಗಿಂತ ಸ್ವಲ್ಪ ಎತ್ತರ. ಹಾಗಾಗಿ 16 ಇಂಚಿನ ಲೆಕ್ಕ ಅಲ್ಲಿಗೇ ಮುಗಿಯಿತು. ಕೊನೆಗೆ ನಿಂತದ್ದು 26 ಇಂಚಿಗೆ. ಅತ್ತೆ ಕೂರುವ ಸ್ಟೂಲ್ 18 ಇಂಚು, ಕಟ್ಟೆಯ ಕೆಳಗೆ ಕಾಲು ಚಾಚಲು ಖಾಲಿ ಜಾಗ. ಇಟ್ಟಿಗೆಯ ಮೇಲೆ ಆ ಅಳತೆಗೆ ಹತ್ತು ರೊಟ್ಟಿ ಬಡಿದ ಮೇಲೆಯೇ ಕಟ್ಟಡ ಕೆಲಸದ ಗೌಂಡಿಗೆ ಹೇಳಿದೆವು.

ಅದೇ ತಗ್ಗಿನ ಕಟ್ಟೆಯ ಮೇಲೆ ಒಲೆ ಇಟ್ಟದ್ದರಿಂದ ನನಗೂ ಅನುಕೂಲವಾಯಿತು. ಇದನ್ನು ನಾನು ಮೊದಲು ಯೋಚಿಸಿರಲಿಲ್ಲ. 26 ಇಂಚಿನ ಕಟ್ಟೆ, ಮೇಲೆ ಒಲೆ, ಅದರ ಮೇಲೆ ಬೇಳೆಯ ಪಾತ್ರೆ. ಪಾತ್ರೆಯ ಬಾಯಿ ಸರಿಯಾಗಿ ನನ್ನ ಮೊಣಕೈ ಹತ್ತಿರ ಬರುತ್ತದೆ. ಎತ್ತರದ ಕಟ್ಟೆಯ ಮೇಲೆ ಒಲೆ ಇಟ್ಟವರು ದೊಡ್ಡ ಪಾತ್ರೆಯಲ್ಲಿ ಸೌಟು ತಿರುಗಿಸುವಾಗ ಕೈ ಎತ್ತಿ ಎತ್ತಿ ಸೋಲುತ್ತಾರಲ್ವಾ, ಆ ತೊಂದರೆ ಇಲ್ಲಿಲ್ಲ. ಹೆಚ್ಚುವುದು, ಮಿಕ್ಸರ್, ಸಿಂಕ್ ಎಲ್ಲ 33 ಇಂಚಿನ ಇನ್ನೊಂದು ಕಟ್ಟೆಯ ಮೇಲೆ. ನನ್ನ ಎತ್ತರ 5 ಅಡಿ 3 ಇಂಚು. ನೇರ ನಿಂತು ಮೊಣಕೈ ಮಡಚಿ, ಅಲ್ಲಿಂದ ನಾಲ್ಕೈದು ಇಂಚು ಕೆಳಗೆ ಅಳತೆ ತೆಗೆದುಕೊಂಡರೆ ಹೆಚ್ಚುವ ಕಟ್ಟೆಯ ಎತ್ತರ ಸಿಗುತ್ತದೆ. ನನಗೆ ಸ್ವಲ್ಪ ಬಾಗಿ ಒತ್ತಿ ಹೆಚ್ಚುವ ಅಭ್ಯಾಸ, ಅದಕ್ಕೆ ಇನ್ನೊಂದು ಇಂಚು ಇಳಿಸಿದೆ. ಸಿಲಿಂಡರ್ ಈ ಎತ್ತರದ ಕಟ್ಟೆಯ ಕೆಳಗೆ ನಿಲ್ಲುತ್ತದೆ. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ನೆಲ ಹಿಡಿದೇ ಹರಡುತ್ತದೆ. ಅದಕ್ಕೆ ಆ ಪೆಟ್ಟಿಗೆಯ ಬಾಗಿಲಿಗೆ ಕೆಳಭಾಗದಲ್ಲಿ ಜಾಲರಿ ಇಡಿಸಿದ್ದೇವೆ.

ಮಣ್ಣಿನ ಗೋಡೆಯ ಪಾಠ ನಮಗೆ ದುಬಾರಿಯಾಯಿತು. ಆ ಮಾಡ್ಯುಲರ್ ಅಂಗಡಿಯವರೇ ಮೇಲಿನ ಪೆಟ್ಟಿಗೆಗಳನ್ನು ಗೋಡೆಗೆ ತೂತು ಹೊಡೆದು ಸ್ಕ್ರೂ ಹಾಕಿ ಕೂರಿಸಿದರು. ಮೂರನೇ ದಿನ ಸಾಮಾನು ತುಂಬಿದೆವು. ಐದನೇ ದಿನ ಬೆಳಿಗ್ಗೆ ನೋಡಿದರೆ ಒಂದು ಕಡೆ ಎರಡು ಬೆರಳು ಜೋತುಬಿದ್ದಿತ್ತು. ಸ್ಕ್ರೂ ಮುಟ್ಟಿದರೆ ಮಣ್ಣು ಪುಡಿಯಾಗಿ ಉದುರುತ್ತಿತ್ತು. ಕೆಳಗೆ ಅತ್ತೆ ಕೂರುವ ಜಾಗ! ಅವತ್ತೇ ಎಲ್ಲ ಇಳಿಸಿದೆವು. ಮಣ್ಣಿನ ಗೋಡೆ ಮೇಲಿಂದ ಬರುವ ಭಾರವನ್ನು ನೂರು ವರ್ಷ ಹೊರುತ್ತದೆ, ಮುಂದಕ್ಕೆ ಜಗ್ಗುವ ಭಾರವನ್ನು ತಡೆಯುವುದಿಲ್ಲ. ಆಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನ ಚೌಕಟ್ಟು ಮಾಡಿಸಿ ನೆಲದಿಂದ ನಿಲ್ಲಿಸಿದೆವು. ಈಗ ಪೆಟ್ಟಿಗೆಗಳ ಭಾರವೆಲ್ಲ ನೆಲಕ್ಕೆ ಹೋಗುತ್ತದೆ. ಅದೂ ಎರಡೇ ಪೆಟ್ಟಿಗೆ. ಉಳಿದದ್ದಕ್ಕೆ ಗೋಡೆಯಲ್ಲಿದ್ದ ಹಳೆಯ ಗೂಡುಗಳೇ ಸಾಕು. ಐದು ಗೂಡುಗಳಿವೆ, ಒಂದೂವರೆ ಅಡಿ ಆಳ. ಒಳಗೆ ಕಡಪ ಕಲ್ಲಿನ ಹಲಗೆ ಇಡಿಸಿ, ಮುಂದೆ ಕಟ್ಟಿಗೆಯ ಬಾಗಿಲು ಹಾಕಿಸಿದೆ. ಖಾರಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿಯ ಡಬ್ಬಿಗಳು ಅಲ್ಲಿ ತಂಪಾಗಿರುತ್ತವೆ.

ಸಿಂಕ್ ಇರುವ ಕಡೆ ಮಣ್ಣಿನ ಗೋಡೆಗೆ ನೇರ ಟೈಲ್ಸ್ ಅಂಟಿಸಲಿಲ್ಲ. ಗೋಡೆಯ ಮುಂದೆ 4 ಇಂಚಿನ ಇಟ್ಟಿಗೆ ಗೋಡೆ ಎಬ್ಬಿಸಿ, ಟೈಲ್ಸನ್ನೂ ನೀರಿನ ಪೈಪನ್ನೂ ಅದಕ್ಕೇ ಕೊಟ್ಟೆವು. ಉಳಿದ ಮೂರು ಗೋಡೆಗೆ ಸಿಮೆಂಟ್ ತಾಗಿಸಲಿಲ್ಲ. ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಗೆ ಹೋಗಲು ದಾರಿ ಇರುವುದಿಲ್ಲ, ಪದರ ಪದರವಾಗಿ ಎದ್ದು ಬರುತ್ತದೆ. ಸುಣ್ಣದ ಗಾರೆ, ಮೇಲೆ ಸುಣ್ಣ, ಅಷ್ಟೇ. ಗೆದ್ದಲಿನ ಹೆದರಿಕೆಯಿಂದ ಕೆಳಗಿನ ಪೆಟ್ಟಿಗೆಗಳಲ್ಲಿ ಬಾಗಿಲಿಗೆ ಮಾತ್ರ ಪ್ಲೈವುಡ್ ಹಾಕಿಸಿದೆವು, ಅದೂ ನೀರು ತಡೆಯುವ 710 ನಂಬರಿನದು. ನಡುವಿನ ಅಡ್ಡಗೋಡೆ, ಹಲಗೆ ಎಲ್ಲ ಕಡಪ ಕಲ್ಲು.

ಕಟ್ಟೆಯ ಕಲ್ಲಿಗೆ ಎಲ್ಲರೂ ಕರಿ ಗ್ರಾನೈಟ್ ಹೇಳಿದರು. ನಮ್ಮದು ಬೋರ್‌ವೆಲ್ ನೀರು. ಕರಿ ಕಲ್ಲಿನ ಮೇಲೆ ಒಣಗಿದರೆ ಬಿಳಿ ಉಪ್ಪಿನ ಕಲೆ ಎದ್ದು ಕಾಣುತ್ತದೆ. ಅಂಗಡಿಯಿಂದ ಮೂರು ತುಂಡು ಕಲ್ಲು ತಂದು ರಾತ್ರಿ ಅರಿಶಿನ, ನಿಂಬೆರಸ, ಎಣ್ಣೆ ಹಾಕಿಟ್ಟೆ. ಬೆಳಿಗ್ಗೆ ಕಡಪ ಕಲ್ಲಿನಲ್ಲಿ ನಿಂಬೆ ಬಿದ್ದ ಜಾಗ ಮಂಕಾಗಿತ್ತು. ಅದು ಸುಣ್ಣದ ಅಂಶದ ಕಲ್ಲು, ಹುಳಿ ತಾಗಿದರೆ ತಿನ್ನುತ್ತದೆ. ಬಿಳಿ ಗ್ರಾನೈಟ್ ಅರಿಶಿನ ಹೀರಿತ್ತು. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಒರೆಸಿದ ಮೇಲೆ ಏನೂ ಕಾಣಲಿಲ್ಲ. ಅದನ್ನೇ ಹಾಕಿಸಿದೆ. ಆ ಕೆಂಪು, ಸುಣ್ಣದ ಬಿಳಿ, ಹಳೇ ತೊಲೆಯ ಕಪ್ಪು ಮೂರೂ ಒಟ್ಟಿಗೆ ಎಷ್ಟು ಚೆಂದ ಕಾಣುತ್ತವೆ ಅಂದರೆ, ಬೇರೆ ಬಣ್ಣ ಬೇಕು ಅಂತ ನನಗೆ ಅನಿಸಲೇ ಇಲ್ಲ. ನೆಲದ ಶಹಾಬಾದ್ ಕಲ್ಲು ಹಾಗೇ ಉಳಿಸಿ ಪಾಲಿಶ್ ಮಾಡಿಸಿದೆವು.

ಚಿಮಣಿ ಹಾಕಿಸಲಿಲ್ಲ. ಗವಾಕ್ಷಿ ಇರುವಾಗ ಅದು ಬೇಕೆನಿಸಲಿಲ್ಲ. ಬಿಸಿಗಾಳಿ ಹೇಗೂ ಮೇಲಕ್ಕೇ ಹೋಗುತ್ತದೆ. ಗವಾಕ್ಷಿಯ ಸುತ್ತ ಒಂದು ಅಡಿ ಕಟ್ಟಿಸಿ, ಬದಿಗೆ ಜಾಲರಿ ಇಟ್ಟು, ಮೇಲೆ ದಪ್ಪ ಗಾಜು ಕೂರಿಸಿದೆವು. ಬೆಳಕು ಬರುತ್ತದೆ, ಮಳೆ ಬರುವುದಿಲ್ಲ. ಒಗ್ಗರಣೆ ಘಾಟಿಗೆ ಒಲೆಯ ಮೇಲಿನ ಹಳೇ ಹೊಗೆಕಿಂಡಿಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಇದೆ. ವೈರಿಂಗ್ ಪೂರ್ತಿ ಹೊಸದು. ಗ್ರೈಂಡರ್, ಇಂಡಕ್ಷನ್ ಒಲೆಗೆ 16 ಆಂಪಿಯರ್ ಪ್ಲಗ್ ಎರಡು.

ಕಟ್ಟಿಗೆ ಒಲೆಯನ್ನು ಒಳಗಿನಿಂದ ತೆಗೆದು ಹಿತ್ತಲಿಗೆ ಒಯ್ದು, ತಗಡಿನ ಛಾವಣಿ ಹಾಕಿಸಿದೆವು. ಗ್ಯಾಸ್ ಇರುವ ಕೋಣೆಯಲ್ಲಿ ಬೆಂಕಿ ಉರಿಸುವುದು ಸರಿಯಲ್ಲ. ಆದರೆ ಆ ಒಲೆ ನಮಗೆ ಬೇಕೇ ಬೇಕು. ಜನವರಿಯಲ್ಲಿ ನಮ್ಮೂರ ಗವಿಮಠದ ಜಾತ್ರೆಗೆ ಊರೂರಿನಿಂದ ದಾಸೋಹಕ್ಕೆ ರೊಟ್ಟಿ ಬರುತ್ತವೆ. ನಮ್ಮ ಓಣಿಯ ಹೆಣ್ಣುಮಕ್ಕಳೂ ಎರಡು ದಿನ ಕೂಡಿ ಬಡಿಯುತ್ತಾರೆ, ಬಹಳ ವರ್ಷದಿಂದ ನಮ್ಮ ಹಿತ್ತಲೇ ಅದಕ್ಕೆ ಜಾಗ. ಒಳಗೆ ಹಿಟ್ಟು ನಾದಿ ಹೊರಗೆ ಕೊಡಲಿ ಅಂತ ಅಡುಗೆಮನೆಗೂ ಹಿತ್ತಲಿಗೂ ನಡುವೆ ಒಂದು ಕಿಟಕಿ ಒಡೆಸಿದೆ. ಗೋಡೆ ಎರಡು ಅಡಿ ದಪ್ಪ ಇರುವುದರಿಂದ ಕಿಟಕಿಯ ಕಲ್ಲಿನ ಮೇಲೆ ದೊಡ್ಡ ಪರಾತವೇ ನಿಲ್ಲುತ್ತದೆ.

ಈ ಸಲದ ಜಾತ್ರೆಗೆ ಎಂಟು ಮಂದಿ ಬಂದಿದ್ದರು. ಅತ್ತೆ ಒಳಗೆ ಸ್ಟೂಲ್ ಮೇಲೆ ಕೂತು ಬಡಿದರು. ನಡುವೆ ಎದ್ದು ನೀರು ಕುಡಿದು ಬಂದರು, ಗೋಡೆ ಹಿಡಿಯಲಿಲ್ಲ. ಹಿತ್ತಲಿನ ಕಿಟಕಿಯ ಅಳತೆ ಮಾತ್ರ ತಪ್ಪಿದೆ. ಒಳಗೆ ನಿಂತವಳ ಎತ್ತರ ನೋಡಿ ಇಡಿಸಿದೆ, ಹೊರಗೆ ಒಲೆ ಮುಂದೆ ಕೂತವರ ಕೈಗೆ ಅದು ಎಟುಕುವುದಿಲ್ಲ. ಹಿಟ್ಟು ಬೇಕಾದಾಗಲೆಲ್ಲ ಅವರು ಎದ್ದು ನಿಲ್ಲಬೇಕಾಯಿತು. ಕಿಟಕಿಯ ಕೆಳಗೆ ಹೊರಗಡೆಯಿಂದ ಒಂದೂವರೆ ಅಡಿ ಎತ್ತರಕ್ಕೆ ಕಲ್ಲಿನ ಕಟ್ಟೆ ಹಾಕಬಹುದು ಅಂತ ಗೌಂಡಿ ಹೇಳಿದ್ದಾನೆ. ಅವನನ್ನು ಕರೆಯುವ ಮುಂಚೆ ಮತ್ತೆ ಇಟ್ಟಿಗೆ ಪೇರಿಸಿ, ಅವರನ್ನೇ ಕೂರಿಸಿ ನೋಡುವುದಿದೆ.