ಅರೇ ಬಿ ಅಳಿಸಿದ ಮೇಲೆ ಅರೇ ಸಿ ಎಲ್ಲಿ ಹೋಯಿತು?

ಫೈಲ್‌ಗಳ ಜಾಗ ತುಂಬುತ್ತಾ ಬಂದಿತ್ತು. ನಾನು ನೋಡಿಕೊಳ್ಳುತ್ತಿದ್ದ ಸರ್ವರ್‌ನಲ್ಲಿ ಒಟ್ಟು 12 ಡಿಸ್ಕ್. ಎಲ್ಲವೂ ಒಂದೇ ಸ್ಮಾರ್ಟ್ ಅರೇ ಕಂಟ್ರೋಲರ್ (ಡಿಸ್ಕ್‌ಗಳನ್ನು ನಡೆಸುವ ಎಚ್‌ಪಿ ಕಂಪನಿಯ ಕಾರ್ಡ್) ಕೆಳಗೆ, ನಾಲ್ಕು ಅರೇಗಳಾಗಿ, ಅಂದರೆ ಗುಂಪುಗಳಾಗಿ, ಹಂಚಿಕೊಂಡಿದ್ದವು. ಅರೇ ಎ ಅಂದರೆ 300 ಜಿಬಿಯ ಎರಡು ಡಿಸ್ಕ್, ರೇಡ್ 1 (ಒಂದೇ ಡೇಟಾ ಎರಡು ಡಿಸ್ಕ್‌ನಲ್ಲೂ ಇರುವ ವಿಧಾನ), ಅದರ ಮೇಲೆ ಲಿನಕ್ಸ್. ಅರೇ ಬಿ ಅಂದರೆ 1.2 ಟಿಬಿಯ ಎರಡು ಡಿಸ್ಕ್, ಇದೂ ರೇಡ್ 1, ಯಾವತ್ತೋ ಪರೀಕ್ಷೆಗೆ ಅಂತ ಮಾಡಿದ್ದು, ಈಗ ಖಾಲಿ. ಅರೇ ಸಿಯಲ್ಲಿ 1.2 ಟಿಬಿಯ ನಾಲ್ಕು ಡಿಸ್ಕ್, ರೇಡ್ 5, ಅಂದರೆ ಡೇಟಾ ಎಲ್ಲ ಡಿಸ್ಕ್‌ಗಳಲ್ಲಿ ಹಂಚಿದ್ದು ಒಂದು ಕೆಟ್ಟರೂ ಉಳಿಯುವ ವಿಧಾನ. ಜನ ದಿನವೂ ಬಳಸುವ ಫೈಲ್‌ಗಳೆಲ್ಲ ಇದರಲ್ಲೇ. ಅರೇ ಡಿಯಲ್ಲೂ ಅಂಥವೇ ನಾಲ್ಕು ಡಿಸ್ಕ್, ಅದು ಬ್ಯಾಕಪ್‌ಗೆ.

ನಾನು ಹಾಕಿಕೊಂಡ ಲೆಕ್ಕ ಇಷ್ಟೇ. ಬಿಯನ್ನು ಅಳಿಸಬೇಕು. ಬಿಡುವಾದ ಎರಡು ಡಿಸ್ಕ್‌ಗಳನ್ನು ಸಿಗೆ ಕೊಡಬೇಕು. ನಾಲ್ಕು ಡಿಸ್ಕ್‌ನ ರೇಡ್ 5ರಲ್ಲಿ 3.6 ಟಿಬಿ ಸಿಗುತ್ತದೆ, ಆರು ಡಿಸ್ಕ್ ಆದರೆ 6 ಟಿಬಿ. ಒಂದು ಡಿಸ್ಕ್‌ನಷ್ಟು ಜಾಗ ಯಾವಾಗಲೂ ಪ್ಯಾರಿಟಿಗೆ, ಅಂದರೆ ಕೆಟ್ಟ ಡಿಸ್ಕ್‌ನ ಡೇಟಾವನ್ನು ಮತ್ತೆ ಲೆಕ್ಕ ಹಾಕಿ ಪಡೆಯಲು ಬೇಕಾದ ಮಾಹಿತಿಗೆ, ಹೋಗುತ್ತದೆ. ಸರ್ವರ್ ನಿಲ್ಲಿಸದೆ, ಕಮಾಂಡ್ ಲೈನ್‌ನಿಂದಲೇ ಇದೆಲ್ಲ ಆಗುತ್ತದೆ. ಆಗುತ್ತದೆ ಅನ್ನುವುದು ನಿಜ. ಆದರೆ ನಾನು ಮಾಡಿದ ಒಂದು ತಪ್ಪಿನಿಂದ ಒಂದು ವಾರದ ಕೆಲಸ ಹೆಚ್ಚಾಯಿತು. ಅದನ್ನು ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ.

ಮೊದಲು ಪದರಗಳ ವಿಷಯ. ಕೆಳಗಡೆ ಕೈಯಲ್ಲಿ ಮುಟ್ಟಬಹುದಾದ ಡಿಸ್ಕ್‌ಗಳು. ಅವುಗಳ ಒಂದು ಗುಂಪು ಅರೇ. ಆ ಅರೇಯ ಜಾಗದಲ್ಲಿ ಕೊರೆದು ತೆಗೆದದ್ದು ಲಾಜಿಕಲ್ ಡ್ರೈವ್. ಆಪರೇಟಿಂಗ್ ಸಿಸ್ಟಮ್‌ಗೆ ಕಾಣುವುದು ಈ ಲಾಜಿಕಲ್ ಡ್ರೈವ್ ಮಾತ್ರ. ಅದರ ಹಿಂದೆ ಎರಡು ಡಿಸ್ಕ್ ಇದೆಯೋ ಹತ್ತು ಇದೆಯೋ ಅದಕ್ಕೆ ಗೊತ್ತಿಲ್ಲ. ಒಂದು ಅರೇಯಲ್ಲಿ ಒಂದಕ್ಕಿಂತ ಜಾಸ್ತಿ ಲಾಜಿಕಲ್ ಡ್ರೈವ್ ಇರಬಹುದು, ಬೇರೆ ಬೇರೆ ರೇಡ್ ಮಟ್ಟದಲ್ಲೂ ಇರಬಹುದು. ಬೇರೆ ಕಂಪನಿಯ ಕಂಟ್ರೋಲರ್‌ಗಳಲ್ಲಿ ಹೆಸರು ಬದಲಾಗುತ್ತದೆ. ಸ್ಟೋರ್‌ಸಿಎಲ್‌ಐ ಅನ್ನುವ ಟೂಲ್ ಬಳಸುವವರು ಅರೇಗೆ ಡ್ರೈವ್ ಗ್ರೂಪ್ ಅಂತಲೂ ಲಾಜಿಕಲ್ ಡ್ರೈವ್‌ಗೆ ವರ್ಚುಯಲ್ ಡ್ರೈವ್ ಅಂತಲೂ ಹೇಳುತ್ತಾರೆ. ವಿಷಯ ಒಂದೇ.

ಸ್ಮಾರ್ಟ್ ಅರೇಗೆ ಇರುವ ಟೂಲ್ ಎಸ್‌ಎಸ್‌ಎಸಿಎಲ್‌ಐ. ಇದಕ್ಕೇ ಮೊದಲು ಎಚ್‌ಪಿಎಸಿಯುಸಿಎಲ್‌ಐ, ಆಮೇಲೆ ಎಚ್‌ಪಿಎಸ್‌ಎಸ್‌ಎಸಿಎಲ್‌ಐ ಅನ್ನುವ ಹೆಸರಿತ್ತು. ಹಳೆಯ ಟಿಪ್ಪಣಿಗಳಲ್ಲಿ ಈ ಹೆಸರು ಕಂಡರೆ ಗಾಬರಿಯಾಗಬೇಡಿ, ಕಮಾಂಡ್‌ಗಳು ಬಹುಪಾಲು ಹಾಗೇ ಉಳಿದಿವೆ. ಕಂಟ್ರೋಲರ್‌ಗೆ ಸಿಟಿಆರ್‌ಎಲ್, ಲಾಜಿಕಲ್ ಡ್ರೈವ್‌ಗೆ ಎಲ್‌ಡಿ, ಡಿಸ್ಕ್‌ಗೆ ಪಿಡಿ ಅಂತ ಚಿಕ್ಕದಾಗಿ ಬರೆದರೂ ಅದಕ್ಕೆ ಅರ್ಥವಾಗುತ್ತದೆ.

ನಾನು ಮೊದಲು ಓಡಿಸಿದ್ದು "ಸಿಟಿಆರ್‌ಎಲ್ ಸ್ಲಾಟ್=0 ಶೋ ಸ್ಟೇಟಸ್". ಕಂಟ್ರೋಲರ್, ಕ್ಯಾಶ್ (ಕಂಟ್ರೋಲರ್‌ನ ತಾತ್ಕಾಲಿಕ ನೆನಪು), ಬ್ಯಾಟರಿ ಮೂರರ ಮುಂದೆಯೂ ಓಕೆ ಇರಬೇಕು. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಅರೇ ಹಿಗ್ಗಿಸುವಾಗ ಕಂಟ್ರೋಲರ್ ಡೇಟಾದ ಪ್ರತಿಯೊಂದು ತುಣುಕನ್ನೂ ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಬರೆಯುತ್ತದೆ. ಆ ಹೊತ್ತಿಗೆ ಕರೆಂಟ್ ಹೋದರೆ ಅರ್ಧ ದಾರಿಯಲ್ಲಿರುವ ಡೇಟಾವನ್ನು ಕಾಪಾಡುವುದು ಬ್ಯಾಟರಿ ಬೆಂಬಲ ಇರುವ ಕ್ಯಾಶ್. ಅದಿಲ್ಲದಿದ್ದರೆ ಕಂಟ್ರೋಲರ್ ಈ ಕೆಲಸವನ್ನು ಶುರು ಮಾಡಲು ಒಪ್ಪುವುದೇ ಇಲ್ಲ.

ಆಮೇಲೆ "ಸಿಟಿಆರ್‌ಎಲ್ ಸ್ಲಾಟ್=0 ಶೋ ಕಾನ್ಫಿಗ್". ಎಲ್ಲ ಅರೇ, ಅದರೊಳಗಿನ ಲಾಜಿಕಲ್ ಡ್ರೈವ್, ಅದರ ಡಿಸ್ಕ್‌ಗಳು ಒಂದೇ ಪುಟದಲ್ಲಿ ಬರುತ್ತವೆ. ಡಿಸ್ಕ್‌ನ ವಿಳಾಸ 1ಐ:1:5 ಅಂತ ಇರುತ್ತದೆ. ಮೊದಲನೆಯದು ಪೋರ್ಟ್, ಎರಡನೆಯದು ಬಾಕ್ಸ್, ಮೂರನೆಯದು ಬೇ, ಅಂದರೆ ಡಿಸ್ಕ್ ಕೂರುವ ಗೂಡು. ನನ್ನಲ್ಲಿ ಎ 1 ಮತ್ತು 2ರಲ್ಲಿ, ಬಿ 3 ಮತ್ತು 4ರಲ್ಲಿ, ಸಿ 5ರಿಂದ 8, ಡಿ 9ರಿಂದ 12. ಅಳತೆ ನೋಡಿ ಗೊಂದಲ ಆಗುವುದುಂಟು. 300 ಜಿಬಿ ಡಿಸ್ಕ್‌ಗಳಿಂದ ಮಾಡಿದ ರೇಡ್ 1 ಲಾಜಿಕಲ್ ಡ್ರೈವ್ 279.4 ಜಿಬಿ ಅಂತ ಕಾಣುತ್ತದೆ. ಜಾಗ ಎಲ್ಲೂ ಕಳೆದುಹೋಗಿಲ್ಲ. ಡಿಸ್ಕ್‌ಗೆ 1000ದ ಲೆಕ್ಕ, ಲಾಜಿಕಲ್ ಡ್ರೈವ್‌ಗೆ 1024ರ ಲೆಕ್ಕ, ಅಷ್ಟೇ.

ಇಲ್ಲಿಯವರೆಗೆ ಎಲ್ಲ ಸರಿಯಾಗೇ ಮಾಡಿದ್ದೆ. ತಪ್ಪಿದ್ದು ಮುಂದೆ.

ಕಮಾಂಡ್‌ಗಳನ್ನು ಹಿಂದಿನ ದಿನವೇ ಒಂದು ಫೈಲ್‌ನಲ್ಲಿ ಬರೆದಿಟ್ಟುಕೊಂಡಿದ್ದೆ. ಮೊದಲ ಸಾಲು "ಸಿಟಿಆರ್‌ಎಲ್ ಸ್ಲಾಟ್=0 ಅರೇ ಬಿ ಡಿಲೀಟ್ ಫೋರ್ಸ್ಡ್". ಎರಡನೇ ಸಾಲು "ಸಿಟಿಆರ್‌ಎಲ್ ಸ್ಲಾಟ್=0 ಅರೇ ಸಿ ಆಡ್ ಡ್ರೈವ್ಸ್=1ಐ:1:3,1ಐ:1:4 ಫೋರ್ಸ್ಡ್". ರಾತ್ರಿ ಜನ ಕೆಲಸ ಮುಗಿಸಿದ ಮೇಲೆ ಎರಡನ್ನೂ ಒಂದರ ಹಿಂದೆ ಒಂದು ಓಡಿಸಿದೆ. ಯಾವ ಎರರ್ ಕೂಡ ಬರಲಿಲ್ಲ.

ಅರ್ಧ ಗಂಟೆ ಬಿಟ್ಟು ಶೋ ಕಾನ್ಫಿಗ್ ನೋಡಿದೆ. ಅರೇ ಸಿಯ ಲಾಜಿಕಲ್ ಡ್ರೈವ್ ಮುಂದೆ ಟ್ರಾನ್ಸ್‌ಫಾರ್ಮಿಂಗ್ (ಡೇಟಾ ಹೊಸದಾಗಿ ಹಂಚಿಕೆಯಾಗುತ್ತಿದೆ) ಅಂತ ಇತ್ತು, ಪಕ್ಕದಲ್ಲಿ ಶೇಕಡಾ ಲೆಕ್ಕ. ಸಮಾಧಾನವಾಯಿತು. ಆಮೇಲೆ ಕಣ್ಣು ಕೆಳಗಿನ ಸಾಲುಗಳಿಗೆ ಹೋಯಿತು. ಅರೇ ಸಿಯ ಕೆಳಗೆ ಇದ್ದ ಡಿಸ್ಕ್‌ಗಳು 3, 4, 9, 10, 11, 12. ನನ್ನ ಫೈಲ್‌ಗಳಿದ್ದ 5ರಿಂದ 8ರ ಡಿಸ್ಕ್‌ಗಳು ಅರೇ ಬಿ ಅನ್ನುವ ಹೆಸರಿನಡಿ ಇದ್ದವು. ಅರೇ ಡಿ ಅನ್ನುವುದು ಇರಲೇ ಇಲ್ಲ.

ಆದದ್ದು ಇಷ್ಟು. ನಡುವಿನ ಒಂದು ಅರೇ ಅಳಿಸಿದರೆ ಅದರ ನಂತರದ ಅರೇಗಳ ಅಕ್ಷರ ಒಂದೊಂದು ಹಿಂದಕ್ಕೆ ಜರುಗುತ್ತದೆ. ಬಿ ಹೋದ ಕೂಡಲೇ ಸಿ ಹೋಗಿ ಬಿ ಆಯಿತು, ಡಿ ಹೋಗಿ ಸಿ ಆಯಿತು. ನನ್ನ ಎರಡನೇ ಸಾಲು ಬ್ಯಾಕಪ್ ಇದ್ದ ಅರೇಗೆ ಡಿಸ್ಕ್ ಸೇರಿಸಿತು. ಟೂಲ್ ಇದನ್ನು ಮುಚ್ಚಿಡುವುದಿಲ್ಲ. ಅರೇ ಅಳಿಸಲು ಹೊರಟಾಗ ಅಕ್ಷರಗಳು ಬದಲಾಗಬಹುದು ಅಂತ ಉದಾಹರಣೆ ಸಮೇತ ಎಚ್ಚರಿಸಿ, ಮುಂದುವರಿಯಲೇ ಅಂತ ಕೇಳುತ್ತದೆ. ಫೋರ್ಸ್ಡ್ ಅನ್ನುವ ಪದ ಹಾಕಿದರೆ ಆ ಪ್ರಶ್ನೆ ಬರುವುದಿಲ್ಲ. ಆ ಪದ ಹಾಕಿದ್ದು ನಾನೇ.

ಒಂದು ಕ್ಷಣ ಯೋಚಿಸಿ. ಎರಡನೇ ಸಾಲು ಆಡ್ ಆಗಿರದೆ ಇನ್ನೊಂದು ಡಿಲೀಟ್ ಆಗಿದ್ದಿದ್ದರೆ? ಬಿ ಮತ್ತು ಸಿ ಎರಡನ್ನೂ ಅಳಿಸುವ ಕೆಲಸ ಇದ್ದಿದ್ದರೆ, ಸಿ ಉಳಿದು ಡಿ ಹೋಗಿರುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಶುರುವಾದ ಟ್ರಾನ್ಸ್‌ಫಾರ್ಮ್ ಅನ್ನು ನಡುವೆ ನಿಲ್ಲಿಸಲು ಆಗುವುದಿಲ್ಲ. ಅರೇ ಕುಗ್ಗಿಸುವ ಸೌಲಭ್ಯ ನನ್ನ ಕಂಟ್ರೋಲರ್‌ನಲ್ಲಿ ಇರಲಿಲ್ಲ. ಹಾಗಾಗಿ ಸುಮ್ನೆ ಕಾಯಬೇಕಾಯಿತು. ಎರಡು ರಾತ್ರಿ, ಒಂದು ಹಗಲು ಹಿಡಿಯಿತು. ಹಗಲಿನಲ್ಲಿ ಜನರಿಗೆ ನಿಧಾನವಾಗದಿರಲಿ ಅಂತ "ಸಿಟಿಆರ್‌ಎಲ್ ಸ್ಲಾಟ್=0 ಮಾಡಿಫೈ ಎಕ್ಸ್‌ಪ್ಯಾಂಡ್‌ಪ್ರಯಾರಿಟಿ=ಲೋ" ಕೊಟ್ಟೆ, ರಾತ್ರಿ ಮತ್ತೆ ಹೈ ಮಾಡಿದೆ. ಡೇಟಾಕ್ಕೆ ಏನೂ ಆಗಿರಲಿಲ್ಲ. ಫೈಲ್‌ಗಳು ಹಾಗೇ ಇದ್ದವು, ಬ್ಯಾಕಪ್ ಕೂಡ ಹಾಗೇ ಇತ್ತು. ಜಾಗ ಮಾತ್ರ ಬೇಡದ ಕಡೆ ಸೇರಿತ್ತು.

ಕಾಯುತ್ತಾ ಕೂತಾಗ ದಾರಿ ಯೋಚಿಸಿದೆ. ಬ್ಯಾಕಪ್ ಅರೇ ಅಳಿಸಿ, ಎರಡು ಡಿಸ್ಕ್ ಬಿಡಿಸಿ, ಫೈಲ್‌ಗಳ ಅರೇಗೆ ಸೇರಿಸಬಹುದಿತ್ತು. ಆದರೆ ಜನ ಬಳಸುತ್ತಿರುವ ಡೇಟಾದ ಕೆಳಗೆ ಮತ್ತೊಂದು ಉದ್ದನೆಯ ಟ್ರಾನ್ಸ್‌ಫಾರ್ಮ್ ನಡೆಸಲು ನನಗೆ ಮನಸ್ಸಾಗಲಿಲ್ಲ. ಜೊತೆಗೆ ಇನ್ನೊಂದು ಅಳುಕೂ ಇತ್ತು. ಆರು ಡಿಸ್ಕ್‌ಗೆ ರೇಡ್ 5 ಅಂದರೆ ಒಂದು ಡಿಸ್ಕ್ ಕೆಟ್ಟು ರೀಬಿಲ್ಡ್ (ಹೊಸ ಡಿಸ್ಕ್‌ಗೆ ಡೇಟಾ ಮತ್ತೆ ತುಂಬುವುದು) ನಡೆಯುವಾಗ ಇನ್ನೊಂದು ಕೈಕೊಟ್ಟರೆ ಎಲ್ಲವೂ ಹೋಯಿತು. ಡಿಸ್ಕ್ ಹೆಚ್ಚಾದಷ್ಟೂ ಆ ಸಾಧ್ಯತೆ ಹೆಚ್ಚು. ರೇಡ್ 6 ಆದರೆ ಎರಡು ಡಿಸ್ಕ್ ಹೋದರೂ ಡೇಟಾ ಉಳಿಯುತ್ತದೆ. ಆರು ಡಿಸ್ಕ್‌ನಲ್ಲಿ 4.8 ಟಿಬಿ ಸಿಗುತ್ತದೆ. 6 ಟಿಬಿಯ ಆಸೆ ಬಿಟ್ಟೆ. ಸಣ್ಣ ಸಣ್ಣ ಬರಹಗಳಿಗೆ ರೇಡ್ 6 ನಿಧಾನ, ಒಂದು ಬರಹಕ್ಕೆ ಮೂರು ಓದು, ಮೂರು ಬರಹ ಬೇಕಾಗುತ್ತದೆ. ರೇಡ್ 5ರಲ್ಲಿ ಎರಡೆರಡು ಸಾಕು. ಫೈಲ್ ಇಡುವ ಕೆಲಸಕ್ಕೆ ಅದು ಹೊರೆಯಲ್ಲ. ಡೇಟಾಬೇಸ್ ಆಗಿದ್ದರೆ ನಾನು ಪ್ಯಾರಿಟಿ ಇಲ್ಲದೆ ಜೋಡಿ ಪ್ರತಿ ಇಡುವ ರೇಡ್ 1+0 ಅನ್ನೇ ಆರಿಸುತ್ತಿದ್ದೆ.

ಹಾಗಾಗಿ ಎರಡೂ ಅರೇಗಳ ಕೆಲಸ ಅದಲುಬದಲು ಮಾಡಿದೆ. ಮೊದಲು ಬ್ಯಾಕಪ್‌ನ ಹೊಸ ಪ್ರತಿಯೊಂದನ್ನು ಬೇರೆ ಯಂತ್ರಕ್ಕೆ ಕಳಿಸಿ, ಕೆಲವು ಫೈಲ್‌ಗಳನ್ನು ಅಲ್ಲಿಂದ ವಾಪಸ್ ತಂದು ತೆರೆದು ನೋಡಿದೆ. ಆಮೇಲೆ ಆರು ಡಿಸ್ಕ್‌ನ ಅರೇಯನ್ನು ಅಳಿಸಿದೆ, ಈ ಸಲ ಫೋರ್ಸ್ಡ್ ಇಲ್ಲದೆ. ಎಚ್ಚರಿಕೆಯನ್ನು ಪೂರ್ತಿ ಓದಿ ವೈ ಒತ್ತಿದೆ. ಮತ್ತೆ ಶೋ ಕಾನ್ಫಿಗ್. ಆರೂ ಡಿಸ್ಕ್‌ಗಳು ಅನ್‌ಅಸೈನ್ಡ್ ಅನ್ನುವ ತಲೆಬರಹದ ಕೆಳಗೆ ಬಂದಿದ್ದನ್ನು ನೋಡಿದ ಮೇಲೆ "ಕ್ರಿಯೇಟ್ ಟೈಪ್=ಎಲ್‌ಡಿ ಡ್ರೈವ್ಸ್=" ಅಂತ ಬರೆದು, ಆರರ ವಿಳಾಸವನ್ನೂ ಒಂದೊಂದಾಗಿ ಕೊಟ್ಟು, ಕೊನೆಗೆ "ರೇಡ್=6" ಹಾಕಿದೆ. ಡ್ರೈವ್ ಕೂಡಲೇ ಹುಟ್ಟುತ್ತದೆ, ಪ್ಯಾರಿಟಿ ತುಂಬುವುದು ಹಿನ್ನೆಲೆಯಲ್ಲಿ ನಡೆಯುತ್ತದೆ. ಆ ಕೆಲಸ ಮುಗಿದಿದೆ ಅಂತ ಎಲ್‌ಡಿ ಶೋದಲ್ಲಿ ಕಾಣುವವರೆಗೆ ನಾನು ಅದರ ಮೇಲೆ ಏನನ್ನೂ ಇಡಲಿಲ್ಲ.

ಈಗ ಈ ಹೊಸ ಡ್ರೈವ್ ಲಿನಕ್ಸ್‌ನಲ್ಲಿ ಯಾವುದು? ಎರಡನೇ ಸಲ ಎಡವಬಹುದಾದ ಜಾಗ ಇದೇ. ಎಸ್‌ಡಿಬಿ, ಎಸ್‌ಡಿಸಿ ಅನ್ನುವ ಹೆಸರುಗಳು ಒಂದು ರೀಬೂಟ್‌ಗೆ ಬದಲಾಗಬಹುದು. ಲಾಜಿಕಲ್ ಡ್ರೈವ್‌ನ ಸಂಖ್ಯೆಗೂ ಆ ಅಕ್ಷರಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ನಂಬಬಹುದಾದ್ದು ಯೂನಿಕ್ ಐಡೆಂಟಿಫೈಯರ್ ಅನ್ನುವ ಸಾಲು ಮಾತ್ರ. ಎಲ್‌ಡಿಯ ಸಂಖ್ಯೆ ಕೊಟ್ಟು ಶೋ ಅಂದರೆ 600508ಬಿ1 ಅಂತ ಶುರುವಾಗುವ ಉದ್ದನೆಯ ಸಂಖ್ಯೆ ಬರುತ್ತದೆ. ಲಿನಕ್ಸ್‌ನ ಡೆವ್ ಒಳಗಿನ ಡಿಸ್ಕ್, ಬೈ-ಐಡಿ ಫೋಲ್ಡರ್‌ನಲ್ಲಿ ಅದೇ ಸಂಖ್ಯೆ ಡಬ್ಲ್ಯುಡಬ್ಲ್ಯುಎನ್ ಅನ್ನುವ ಹೆಸರಿನೊಂದಿಗೆ ಇರುತ್ತದೆ. ಕೊನೆಯ ಎಂಟು ಅಂಕಿ ಎರಡೂ ಕಡೆ ಒಂದೇ ಇದೆಯಾ ಅಂತ ಬೆರಳಿಟ್ಟು ನೋಡಿದೆ. ಶುರುವಿನ ಅಂಕಿಗಳು ಎಲ್ಲ ಡ್ರೈವ್‌ಗಳಿಗೂ ಒಂದೇ ಥರ ಇರುವುದರಿಂದ ಅವನ್ನು ಹೋಲಿಸಿ ಪ್ರಯೋಜನವಿಲ್ಲ.

ಫೈಲ್‌ಗಳು ಎಲ್‌ವಿಎಂ (ಡಿಸ್ಕ್‌ಗಳ ಜಾಗವನ್ನು ಒಟ್ಟುಗೂಡಿಸಿ ಹಂಚುವ ಲಿನಕ್ಸ್‌ನ ಪದರ) ಮೇಲೆ ಇದ್ದದ್ದು ನನ್ನ ಪುಣ್ಯ. ಹೊಸ ಡ್ರೈವ್ ಅನ್ನು ಸಿದ್ಧಪಡಿಸಲು ಪಿವಿಕ್ರಿಯೇಟ್, ಆಮೇಲೆ ಗುಂಪಿಗೆ ಸೇರಿಸಲು ವಿಜಿಎಕ್ಸ್‌ಟೆಂಡ್, ಆಮೇಲೆ ಡೇಟಾ ಸಾಗಿಸಲು ಪಿವಿಮೂವ್. ಜನ ಫೈಲ್ ತೆರೆದು ಕೆಲಸ ಮಾಡುತ್ತಿರುವಾಗಲೇ ಡೇಟಾ ಹಳೆಯ ನಾಲ್ಕು ಡಿಸ್ಕ್‌ನಿಂದ ಹೊಸ ಆರಕ್ಕೆ ಹರಿಯಿತು. ಯಾರಿಗೂ ತಿಳಿಯಲಿಲ್ಲ. ಮುಗಿದ ಮೇಲೆ ಹಳೆಯದನ್ನು ವಿಜಿರೆಡ್ಯೂಸ್‌ನಿಂದ ಹೊರಗೆ ತೆಗೆದು ಬ್ಯಾಕಪ್‌ಗೆ ಕೊಟ್ಟೆ. ಜಾಗ ಹೆಚ್ಚಿಸುವ ಎಲ್‌ವಿಎಕ್ಸ್‌ಟೆಂಡ್ ಕಮಾಂಡ್‌ಗೆ ಆರ್ ಅನ್ನುವ ಆಯ್ಕೆ ಸೇರಿಸಿದರೆ ಫೈಲ್‌ಸಿಸ್ಟಮ್ ಕೂಡ ಜೊತೆಗೇ ಹಿಗ್ಗುತ್ತದೆ.

ನನ್ನ ಮೊದಲ ಲೆಕ್ಕದ ಹಾಗೇ ಅರೇ ಹಿಗ್ಗಿಸಲು ಹೊರಟವರಿಗೆ ಒಂದು ಮಾತು. ಅರೇಗೆ ಡಿಸ್ಕ್ ಸೇರಿಸಿದ ಮಾತ್ರಕ್ಕೆ ಲಾಜಿಕಲ್ ಡ್ರೈವ್ ದೊಡ್ಡದಾಗುವುದಿಲ್ಲ. ಟ್ರಾನ್ಸ್‌ಫಾರ್ಮ್ ಮುಗಿದ ಮೇಲೆ ಅರೇಯಲ್ಲಿ ಬಳಸದ ಜಾಗ ಕಾಣಿಸಿಕೊಳ್ಳುತ್ತದೆ. ಆಗ "ಎಲ್‌ಡಿ 3 ಮಾಡಿಫೈ ಸೈಜ್=ಮ್ಯಾಕ್ಸ್" ಅಂತ ಬೇರೆಯಾಗಿ ಹೇಳಬೇಕು. ಆಮೇಲೂ ಲಿನಕ್ಸ್ ಹಳೆಯ ಅಳತೆಯನ್ನೇ ತೋರಿಸಬಹುದು. ಆ ಡಿಸ್ಕ್‌ನ ಸಿಸ್ ಫೋಲ್ಡರ್‌ನಲ್ಲಿರುವ ರೀಸ್ಕ್ಯಾನ್ ಫೈಲ್‌ಗೆ 1 ಅಂತ ಬರೆಯಬೇಕು, ನಂತರ ಎಲ್‌ವಿಎಂಗೆ ಹೊಸ ಅಳತೆ ತಿಳಿಸಲು ಪಿವಿರೀಸೈಜ್. ಜಾಗ ಸೇರಿಸಿದರೂ ಹೆಚ್ಚಾಗಿಲ್ಲ ಅಂತ ನನ್ನ ಬಳಿ ಬಂದವರೆಲ್ಲ ಈ ನಾಲ್ಕು ಮೆಟ್ಟಿಲಲ್ಲಿ ಯಾವುದಾದರೂ ಒಂದನ್ನು ಬಿಟ್ಟಿದ್ದರು.

ಕೆಟ್ಟ ಡಿಸ್ಕ್ ತೆಗೆಯುವಾಗಲೂ ಈಗ ಇದೇ ಅಭ್ಯಾಸ. "ಪಿಡಿ 1ಐ:1:7 ಮಾಡಿಫೈ ಎಲ್‌ಇಡಿ=ಆನ್" ಅಂದರೆ ಆ ಗೂಡಿನ ದೀಪ ಉರಿಯುತ್ತದೆ. ಅದನ್ನು ಕಣ್ಣಾರೆ ನೋಡಿದ ಮೇಲೆಯೇ ಡಿಸ್ಕ್ ಎಳೆಯುತ್ತೇನೆ. ಗೂಡುಗಳನ್ನು ಎಡದಿಂದ ಎಣಿಸುವುದಿಲ್ಲ.

ಈಗಲೂ ಕಮಾಂಡ್‌ಗಳನ್ನು ಹಿಂದಿನ ದಿನವೇ ಬರೆದಿಡುತ್ತೇನೆ. ಆದರೆ ಪ್ರತಿ ಎರಡು ಸಾಲಿನ ನಡುವೆ ಒಂದು ಶೋ ಕಾನ್ಫಿಗ್ ಇರುತ್ತದೆ. ಅದರ ಕೆಳಗೆ ಆ ಹೊತ್ತಿಗೆ ಯಾವ ಬೇಗಳು ಯಾವ ಅರೇಯಲ್ಲಿ ಕಾಣಬೇಕು ಅಂತ ಕೈಯಿಂದ ಬರೆದಿರುತ್ತೇನೆ. ಅರೇಯ ಅಕ್ಷರದ ಜಾಗವನ್ನು ಖಾಲಿ ಬಿಡುತ್ತೇನೆ. ಪರದೆಯ ಮೇಲೆ ಬಂದದ್ದನ್ನು ನೋಡಿ, ಆಗಲೇ ತುಂಬುತ್ತೇನೆ.