ಶರಾವತಿ ಹಿನ್ನೀರಿನಲ್ಲಿ ಕುಚ್ಚು ಮೀನಿನ ಹಿಂದೆ

ಸಿಗಂದೂರಿಗೆ ಸೇತುವೆ ಆದದ್ದು 2025ರ ಜುಲೈನಲ್ಲಿ. ಅದಕ್ಕೂ ಮೊದಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯದವರು ನಮ್ಮ ಕಡೆ ಯಾರೂ ಇರಲಿಲ್ಲ. ಜನ ಹೆಚ್ಚಿದ ದಿನಗಳಲ್ಲಿ ನೀರು ನೋಡುತ್ತ ಕೂರುವುದೊಂದೇ ಕೆಲಸ. ನನಗೆ ಗಾಳದ ಚಟ ಹತ್ತಿದ್ದು ಅಲ್ಲಿಯೇ. ದಡದ ಹುಲ್ಲಿನ ನಡುವೆ ಆಗಾಗ ‘ಪಚಕ್’ ಎಂದು ಸದ್ದಾಗಿ, ನಾಲ್ಕಾರು ಗುಳ್ಳೆಗಳು ಉಳಿಯುತ್ತಿದ್ದವು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, “ಕುಚ್ಚು ಮಾರಾಯ, ಉಸಿರು ತೆಗೆದುಕೊಂಡು ಹೋಯಿತು” ಎಂದರು.

ಕೊರವ, ಮುರಲ್ ಎಂದು ಬೇರೆ ಕಡೆ ಹೆಸರಿರುವ ಮೀನು ಇದೇ. ತಲೆ ಹಾವಿನದು, ಮೈ ಒನಕೆಯಂತೆ. ಕಿವಿರಿನ ಉಸಿರು ಇದಕ್ಕೆ ಸಾಲುವುದಿಲ್ಲ. ಮೇಲೆ ಬಂದು ಗಾಳಿ ಗುಟುಕರಿಸಲೇಬೇಕು. ಹಿಡಿಯುವವನಿಗೆ ಅದೇ ಅನುಕೂಲ, ತಾನಿರುವ ಜಾಗವನ್ನು ತಾನೇ ಹೇಳಿಬಿಡುತ್ತದೆ. ನಾನು ಈಗ ದಡಕ್ಕೆ ಹೋದರೆ ಮೊದಲ ಅರ್ಧ ಗಂಟೆ ರಾಡ್ ಬಿಚ್ಚುವುದೇ ಇಲ್ಲ. ಗುಳ್ಳೆ ಎಲ್ಲೆದ್ದಿತು, ಮುಂದಿನದು ಎಲ್ಲಿ ಎದ್ದೀತು ಎಂದು ನೋಡುತ್ತ ಕೂರುತ್ತೇನೆ.

ಮೊದಲ ವರ್ಷ ಈ ಬುದ್ಧಿ ಇರಲಿಲ್ಲ. ಎರೆಹುಳು ಸಿಕ್ಕಿಸಿ, ಸೀಸ ಕಟ್ಟಿ, ದೂರ ಬೀಸಿದ್ದೇ ಬೀಸಿದ್ದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಂದು ಮುಳುಗಿದ ಕಾಡಿನ ಕೊರಡುಗಳು ಇಂದಿಗೂ ನೀರಿನಡಿ ನಿಂತಿವೆ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ತಲೆ ಎತ್ತುತ್ತದೆ, ಜೊತೆಗೆ ಈ ಕೊರಡುಗಳೂ. ಒಂದೇ ಮಳೆಗಾಲದಲ್ಲಿ ಹದಿನೇಳು ಗಾಳಗಳನ್ನು ಅವಕ್ಕೆ ಒಪ್ಪಿಸಿದೆ. ಮೀನು ಮಾತ್ರ ಎರಡು, ಎರಡೂ ಜಿಲೇಬಿ, ಅಂದರೆ ತಿಲಾಪಿಯಾ.

ಆಮೇಲೆ ರಬ್ಬರ್ ಕಪ್ಪೆಗೆ ಬದಲಾದೆ. ಹೊಟ್ಟೆ ಟೊಳ್ಳು, ಎರಡು ಗಾಳಗಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿ ಕುಳಿತಿರುತ್ತವೆ. ಹುಲ್ಲಿನ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದು ಕಡಿಮೆ. ಮೀನು ಕಚ್ಚಿ ಅದುಮಿದಾಗ ಮಾತ್ರ ಮೊನೆ ಹೊರಬರುತ್ತದೆ. ನಮ್ಮ ಅಪ್ಪನ ಕಾಲದಲ್ಲಿ ಬಿದಿರಿನ ಕೋಲಿಗೆ ಜೀವಂತ ಕಪ್ಪೆಮರಿ ಕಟ್ಟುತ್ತಿದ್ದರು. ಮೀನು ಹಿಡಿಯುವುದರಲ್ಲಿ ಅದೇ ಮುಂದು ಎಂದು ಒಪ್ಪುತ್ತೇನೆ. ಆದರೆ ಕಪ್ಪೆಯ ಒದ್ದಾಟ ನೋಡುವುದು ನನ್ನಿಂದಾಗಲಿಲ್ಲ. ದಾರ ಹೆಣೆದದ್ದೇ ಬೇಕು. ನೈಲಾನ್ ಎಳೆ ಹಿಗ್ಗುತ್ತದೆ. ಆ ಒಂದು ಗಳಿಗೆಯಲ್ಲಿ ಕುಚ್ಚು ಕೊರಡನ್ನು ಸುತ್ತಿಕೊಂಡಿರುತ್ತದೆ.

ಕಷ್ಟವಿರುವುದು ಕಚ್ಚಿದ ಮೇಲೆ. ಹುಲ್ಲಿನ ಅಂಚಿನಲ್ಲಿ ಕಪ್ಪೆಯನ್ನು ಎರಡು ಗೇಣು ಎಳೆದು ನಿಲ್ಲಿಸುತ್ತೇನೆ, ಮತ್ತೆ ಎರಡು ಗೇಣು. ಹಿಂದೆ ನೀರು ಬೆನ್ನು ಉಬ್ಬಿಸಿಕೊಂಡು ಬರುತ್ತದೆ. ಎದೆ ಡವಡವ. ಬಾವಿಗೆ ಕೊಡ ಬಿದ್ದಂತೆ ಸದ್ದು, ಕಪ್ಪೆ ಮಾಯ. ಆಗ ಕೈ ತಾನಾಗಿಯೇ ಮೇಲೇಳುತ್ತದೆ, ಕಪ್ಪೆ ಖಾಲಿ ಬಾಯಿಂದ ಹಾರಿ ಬಂದು ನಮ್ಮ ಎದೆಗೇ ಬಡಿಯುತ್ತದೆ. ಹೀಗೆ ಕಳೆದುಕೊಂಡವು ಲೆಕ್ಕವಿಲ್ಲ. “ಎಳೆಯಬೇಡ, ಅದು ತಿರುಗಲಿ!” ಎಂದು ಭಾವ ಹಿಂದಿನಿಂದ ಕೂಗುತ್ತಿದ್ದರು. ಮೀನು ಕಪ್ಪೆಯನ್ನು ಬಾಯಿಗೆ ಹಾಕಿಕೊಂಡು ತಿರುಗಿದಾಗ ಸಡಿಲ ದಾರ ಪಕ್ಕಕ್ಕೆ ಜರುಗುತ್ತದೆ. ಅದನ್ನು ನೋಡಿ, ಭಾರ ಬೆರಳಿಗೆ ತಾಗಿದ ಮೇಲೆ ಎಳೆಯಬೇಕು. ಇಷ್ಟು ಕಲಿಯಲು ನನಗೆ ಎರಡು ಮಳೆಗಾಲ ಬೇಕಾಯಿತು.

ಪತ್ರಿಕೆಯಲ್ಲಿ ಜಲಾಶಯದ ಮಟ್ಟ ಓದುವುದೂ ಈಗ ಅಭ್ಯಾಸ. ಗರಿಷ್ಠ ಮಟ್ಟ 1819 ಅಡಿ. ಜುಲೈನಲ್ಲಿ ನೀರು ಏರುತ್ತಿರುವಾಗ ನಿನ್ನೆ ದನ ಮೇಯುತ್ತಿದ್ದ ಹುಲ್ಲು ಇಂದು ನೀರಿನಡಿ; ಹುಳು, ಕಪ್ಪೆ ಎಲ್ಲ ಅಲ್ಲಿಯೇ. ಕುಚ್ಚೂ ಮೊಣಕಾಲುದ್ದದ ನೀರಿಗೆ ಬರುತ್ತದೆ. ನೀರು ಇಳಿಯತೊಡಗಿದರೆ ನಾನು ಆ ಅಂಚನ್ನು ಬಿಟ್ಟು ಕೊರಡುಗಳ ಕಡೆ ಹೋಗುತ್ತೇನೆ. ದಡದಿಂದಲೇ ಬೀಸುತ್ತೇನೆ, ಕೆಸರಿಗೆ ಇಳಿಯುವುದಿಲ್ಲ. ಹಿನ್ನೀರಿನ ಒಂದಷ್ಟು ಭಾಗ ಅಭಯಾರಣ್ಯಕ್ಕೆ ಸೇರಿದೆ, ಅತ್ತ ತಲೆ ಹಾಕುವುದಿಲ್ಲ. ಉಳಿದ ಕಡೆಯೂ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಯೇ ಗಾಳ ಹಾಕುವುದು ಒಳ್ಳೆಯದು.

ತೊಡಕೆಂದರೆ, ಮೀನು ಸುಲಭಕ್ಕೆ ಸಿಗುವ ಆ ಮಳೆಗಾಲವೇ ಅದು ಮರಿ ಮಾಡುವ ಕಾಲ. ಒಮ್ಮೆ ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪಗೆ ಏನೋ ಕುದಿಯುತ್ತಿತ್ತು. ಪಕ್ಕದಲ್ಲಿ ಕಪ್ಪೆ ಬಿದ್ದದ್ದೇ ತಡ, ದೊಡ್ಡ ಕುಚ್ಚು ಸಿಡಿಲಿನಂತೆ ಎರಗಿತು. ಮೂರು ಕಿಲೋ ತೂಗಿತು. ಬೀಗುತ್ತ ತಿರುಗಿ ನೋಡಿದರೆ, ಆ ಕೆಂಪು ಗುಂಪು ಚದುರಿ, ಸಣ್ಣ ಮೀನುಗಳು ಮರಿಗಳನ್ನು ಮುಕ್ಕುತ್ತಿದ್ದವು. ಅದು ಎರಗಿದ್ದು ಹಸಿವಿಗಲ್ಲ, ಮರಿ ಕಾಯಲು. ಚೀಲದೊಳಗೆ ಇನ್ನೂ ಉಸಿರಾಡುತ್ತಿತ್ತು. ಒಯ್ದು ಅದೇ ಜಾಗದಲ್ಲಿ ಬಿಟ್ಟೆ. ಆದರೆ ಆ ಹೊತ್ತಿಗೆ ಮರಿಗಳು ಎಲ್ಲೂ ಕಾಣಲಿಲ್ಲ.

ಈಗ ಕೆಂಪು ಕಂಡರೆ ದಾರ ಸುತ್ತಿಕೊಂಡು ಜಾಗ ಬದಲಿಸುತ್ತೇನೆ. ಬೇರೆ ಕಡೆ ಸಿಕ್ಕಿದರೆ ಬೂದಿ ಹಚ್ಚಿ ತಿಕ್ಕಿ, ಉಪ್ಪಾಗೆ ಹುಳಿ ಹಾಕಿ ಸಾರು. ನಡುಮುಳ್ಳು ಬಿಟ್ಟರೆ ತೊಂದರೆ ಕೊಡುವ ಮುಳ್ಳು ಕಡಿಮೆ, ಮಕ್ಕಳಿಗೂ ಹೆದರದೆ ಬಡಿಸಬಹುದು. ಭಾವ ಮಾತ್ರ ಮಳೆಗಾಲದಲ್ಲಿ ನನ್ನ ಜೊತೆ ಹೊರಡುವ ಮೊದಲು ಬಾಗಿಲಲ್ಲಿ ನಿಂತು ಅಕ್ಕನಿಗೆ ಹೇಳುತ್ತಾರೆ: “ಯಾವುದಕ್ಕೂ ಸ್ವಲ್ಪ ಬೇಳೆ ಬೇಯಿಸಿಟ್ಟಿರು.”