ತವರಿನ ಹೆಸರಿನಿಂದ ಹುಡುಕಿ: ಯುದ್ಧಕಾಲದ ಕಾಲೇಜು ಮಹಿಳೆಯರ ದಾಖಲೆ ಸಂಗ್ರಹಿಸುವ ಬಗೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಕಾರವಾರ, ಕುಮಟಾ, ಶಿರಸಿ ಕಡೆಯ ಮಹಿಳೆಯರ ಕೆಲಸವನ್ನು ದಾಖಲಿಸಲು ಹೊರಟವರು ಮೊದಲು ಬೆಂಗಳೂರಿನತ್ತ ಅಲ್ಲ, ಧಾರವಾಡ ಮತ್ತು ಮುಂಬಯಿಯತ್ತ ನೋಡಬೇಕು. 1956ರವರೆಗೆ ಈ ಊರುಗಳಿರುವ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರಿಗೂ ಆಗ ಪದವಿ ಕೊಡುತ್ತಿದ್ದದ್ದು ಮುಂಬಯಿ ವಿಶ್ವವಿದ್ಯಾಲಯವೇ. ಕಾಲೇಜಿನ ಪ್ರವೇಶ ಪುಸ್ತಕ, ವಾರ್ಷಿಕ ಸಂಚಿಕೆ, ಪದವೀಧರರ ಪಟ್ಟಿ, ಇವುಗಳಿಂದ ಹೆಸರುಗಳನ್ನು ಬರೆದುಕೊಳ್ಳಿ.

ಹುಡುಕಾಟ ಹೆಚ್ಚಾಗಿ ನಿಂತುಹೋಗುವುದು ಇಲ್ಲಿಯೇ. ನಮ್ಮ ಕರಾವಳಿಯ ಸಾರಸ್ವತ ಕುಟುಂಬಗಳಲ್ಲಿ ಮದುವೆಯಂದು ಅಡ್ಡಹೆಸರು ಮಾತ್ರವಲ್ಲ, ವಧುವಿನ ಹೆಸರನ್ನೇ ಬದಲಿಸುವ ರೂಢಿಯಿತ್ತು. ಹೀಗಾಗಿ ಪದವಿ ಪಡೆದವಳು ಒಬ್ಬಳು, ಮೊಮ್ಮಕ್ಕಳು ಬಲ್ಲ ಅಜ್ಜಿ ಮತ್ತೊಬ್ಬಳು ಎಂಬಂತಾಗುತ್ತದೆ. ವಹಿಯಲ್ಲಿ ತವರಿನ ಹೆಸರಿಗೊಂದು, ಗಂಡನ ಮನೆಯ ಹೆಸರಿಗೊಂದು ಅಂಕಣ ಹಾಕಿ, ಎರಡನ್ನೂ ಜೋಡಿಸಲು ಲಗ್ನಪತ್ರಿಕೆಯನ್ನು ಕೇಳಿ.

ಹುದ್ದೆಯ ಹೆಸರನ್ನೂ ನಂಬಬೇಡಿ. ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುಸಂಕೇತಗಳನ್ನು ಬಿಡಿಸುತ್ತಿದ್ದ ಕೇಂಬ್ರಿಜ್‌ನ ಗಣಿತಜ್ಞೆ ಜೋನ್ ಕ್ಲಾರ್ಕ್‌ಗೆ ಸಂಬಳ ಏರಿಸಲು ಬೇರೆ ದಾರಿಯಿಲ್ಲದೆ, ಬೇರೆ ಯಾವ ಭಾಷೆಯೂ ಬಾರದಿದ್ದರೂ, ಭಾಷಾತಜ್ಞೆ ಎಂಬ ದರ್ಜೆ ಕೊಡಲಾಗಿತ್ತು. ಭಾರತದಲ್ಲಿ 1942ರಲ್ಲಿ ರಚನೆಯಾದ ಮಹಿಳಾ ಸಹಾಯಕ ದಳದ ನೌಕಾ ವಿಭಾಗದಲ್ಲಿಯೂ ಮಹಿಳೆಯರು ಸಂಕೇತ ಸಂದೇಶಗಳ ಕೆಲಸ ಮಾಡಿದ್ದಾರೆ. ಕಡತದಲ್ಲಿ ‘ಕಾರಕೂನ’ ಎಂದಷ್ಟೇ ಇದ್ದರೆ, ಯಾವ ಕಚೇರಿ, ಯಾವ ಪಾಳಿ ಎಂದು ಮುಂದೆ ವಿಚಾರಿಸಿ. ಸರ್ಕಾರದ ಎದುರು ನಿಂತವರನ್ನೂ ಬಿಡಬೇಡಿ, 1942ರಲ್ಲಿ ಮುಂಬಯಿಯಲ್ಲಿ ಗುಪ್ತ ಕಾಂಗ್ರೆಸ್ ರೇಡಿಯೊ ನಡೆಸಿದ ಉಷಾ ಮೆಹತಾಗೆ ಆಗ 22 ವರ್ಷ.

ಆ ತಲೆಮಾರಿನವರು ಈಗ ನೂರರ ಆಸುಪಾಸಿನವರಾದ್ದರಿಂದ, ಮಾತಾಡಿಸಬೇಕಾದದ್ದು ಹೆಚ್ಚಾಗಿ ಅವರ ಹೆಣ್ಣುಮಕ್ಕಳನ್ನು, ಸೊಸೆಯರನ್ನು. “ಯುದ್ಧದಲ್ಲಿ ಅಮ್ಮ ಏನು ಮಾಡಿದರು?” ಎಂದರೆ “ಏನೂ ಇಲ್ಲ” ಎಂಬ ಉತ್ತರವೇ ಬಂದೀತು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗು ಸ್ಫೋಟಿಸಿದ ದಿನ ಅವರು ಎಲ್ಲಿದ್ದರು, ರೇಷನ್ ಸಾಲಿನಲ್ಲಿ ಯಾರು ನಿಲ್ಲುತ್ತಿದ್ದರು, ಮೊದಲ ಸಂಬಳ ಎಷ್ಟು ಎಂದು ಕೇಳಿ. ಫೋಟೋ ತೋರಿಸಿದರೆ ಆಲ್ಬಮ್ಮಿನಿಂದ ಕೀಳದೆ ಅಲ್ಲಿಯೇ ಚಿತ್ರ ತೆಗೆದುಕೊಳ್ಳಿ, ಸಡಿಲವಾಗಿದ್ದರೆ ಹಿಂಬದಿಯ ಬರಹವನ್ನೂ ನಕಲು ಮಾಡಿ, ಪ್ರಕಟಿಸುವ ಮುನ್ನ ಮನೆಯವರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ.